ಎದೆಪಟ್ಟಿಯ ಸುಳ್ಳು ಲೆಕ್ಕ

ಸೇಡಂನ ಮೈದಾನದಲ್ಲಿ ಹತ್ತು ಜನರೆದುರು ಆ ಮನುಷ್ಯ ನನ್ನ ಮಾನ ಕಳೆದ. ನಾನು ಮರೆತಿಲ್ಲ. ಮರೆಯುವವರ ಪೈಕಿಯೂ ಅಲ್ಲ.

ಆತ ನಿವೃತ್ತ ದೈಹಿಕ ಶಿಕ್ಷಕ, ನಮ್ಮ ಭಾನುವಾರದ ಓಟದ ಬಳಗಕ್ಕೆ ಯಜಮಾನ. ನಾನು ಚಿತ್ತಾಪುರದಲ್ಲಿ ಗಣಿತ ಕಲಿಸುವವಳು, ವಯಸ್ಸು ನಲವತ್ತೆರಡು. ವರ್ಷಕ್ಕೊಮ್ಮೆ ಬಳಗದವರೆಲ್ಲ ಸೇಡಂನಿಂದ ಚಿಂಚೋಳಿಯವರೆಗೆ ಒಬ್ಬರಾದ ಮೇಲೊಬ್ಬರು ಪಾಳಿಯ ಮೇಲೆ ಓಡುತ್ತೇವೆ. ಚಿಂಚೋಳಿಗೆ ಅಂಟಿಕೊಂಡ ಚಂದಾಪುರದ ಪೇಟೆಯೊಳಗೆ ಜನ ನೋಡುವಂತೆ ಮುಗಿಯುವ ಕೊನೆಯ ಪಾಳಿ ಆ ಸಲ ನನ್ನದು. ಅದಕ್ಕಾಗಿ ವರ್ಷವಿಡೀ ಬೆಳಗಿನ ನಿದ್ದೆ ಬಿಟ್ಟಿದ್ದೆ.

ಎಲ್ಲರೂ ಎದೆಗೆ ಪಟ್ಟಿ ಕಟ್ಟಬೇಕೆಂಬುದು ಆತನ ನಿಯಮ. ಅದು ಹೃದಯದ ಬಡಿತ ಹಿಡಿದು ಕೈಗಡಿಯಾರಕ್ಕೆ ಕಳಿಸುತ್ತದೆ. ಓಟಕ್ಕೆ ಮೊದಲೇ ನೂರೈವತ್ತು ದಾಟಿದವರು ಓಡುವಂತಿಲ್ಲ. ಪಟ್ಟಿಯನ್ನು ದಿನಾ ಸಾಬೂನು ಹಚ್ಚಿ ತೊಳೆದು ಪರಸಿ ಕಲ್ಲಿನ ಮೇಲೆ ಒಣಗಿಸಿರಿ ಎಂದವನೂ ಆತನೇ. ಹಪ್ಪಳದಿಂದ ಹಿಡಿದು ಲಂಗದವರೆಗೆ ನಾವು ಒಣಹಾಕುವುದೇ ಅಂಗಳಕ್ಕೆ ಹಾಸಿದ ಶಹಾಬಾದ್ ಪರಸಿಯ ಮೇಲೆ. ನಾನೂ ಹಾಗೇ ಮಾಡಿದೆ.

ಓಟಕ್ಕೆ ಒಂದು ತಿಂಗಳಿದ್ದಾಗ, ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದೆ ಅಷ್ಟೇ, ನನ್ನ ಗಡಿಯಾರ ಇನ್ನೂರಾ ಹದಿನಾಲ್ಕು ತೋರಿಸಿತು. ಆತ ನನ್ನ ಮಣಿಕಟ್ಟು ಹಿಡಿದು ಎಲ್ಲರಿಗೂ ತೋರಿಸಿದ.

“ಅಕ್ಕೋರ, ನಿಮ್ಮ ಎದಿ ಗಟ್ಟಿ ಇಲ್ಲ. ಮನ್ಯಾಗ ಕುಂದ್ರಿ, ರೊಟ್ಟಿ ಬಡೀರಿ.”

ಎಲ್ಲರೂ ನಕ್ಕರು. ನನ್ನ ಪಾಳಿಯನ್ನು ಆತನೇ ಇಟ್ಟುಕೊಂಡ.

ಕಲಬುರಗಿಗೆ ಹೋಗಿ ಇಸಿಜಿ ಮಾಡಿಸಿದೆ. ಹೃದಯಕ್ಕೆ ಏನೂ ಆಗಿಲ್ಲ, ಧಾರಾಳವಾಗಿ ಓಡಿ ಎಂದರು ಡಾಕ್ಟರು. ಮನೆಗೆ ಬಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಮ್ಮ ನೆಲದಡಿಯೆಲ್ಲ ಸುಣ್ಣಕಲ್ಲು. ಬೋರಿನ ನೀರು ಹಂಡೆಯೊಳಗೆ ಬಿಳಿ ಕಟ್ಟುವಂತೆ, ಚರ್ಮಕ್ಕೆ ತಾಗುವ ರಬ್ಬರಿನ ಮೇಲೂ ಬಿಳಿ ಕಟ್ಟಿತ್ತು. ಕಾದ ಪರಸಿಯ ಮೇಲೆ ಬೆಂದ ಎಲಾಸ್ಟಿಕ್ ಹಳೆಯ ಲಂಗದ ಲಾಡಿಯಂತೆ ಸಡಿಲಾಗಿತ್ತು. ಕೆಟ್ಟಿದ್ದು ಪಟ್ಟಿ, ನಾನಲ್ಲ. ಹೊಸ ಪಟ್ಟಿ ತಂದೆ. ಕುಡಿಯುವ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒದ್ದೆ ಮಾಡಿ ಕಟ್ಟಿಕೊಂಡರೆ ತೊಂಬತ್ತೆರಡು ತೋರಿಸಿತು.

ಇಸಿಜಿ ಕಾಗದವನ್ನು ಅಂದೇ ಒಯ್ದು ಆತನ ಮುಖಕ್ಕೆ ಹಿಡಿಯಬಹುದಿತ್ತು. ಒಯ್ಯಲಿಲ್ಲ. ನಕ್ಕ ಆ ಹತ್ತು ಜನರೂ ಎದುರಿಗಿರಬೇಕಿತ್ತು ನನಗೆ.

ಮುಂದಿನ ಭಾನುವಾರ ಮೈದಾನದ ಕಟ್ಟೆಯ ಮೇಲೆ ಕೂತು ಆತನನ್ನೇ ನೋಡಿದೆ. ಉಜ್ಜಿ ಗಾಯವಾಗಬಾರದೆಂದು ಎದೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ಅದರ ಮೇಲೆ ಬೆವರಿನ ಉಪ್ಪು ಹೆಪ್ಪುಗಟ್ಟಿದ ಹಳೆಯ ಪಟ್ಟಿ ಕಟ್ಟುತ್ತಿದ್ದ. ನಡುವೆ ಎಣ್ಣೆ ಇದ್ದರೆ ಪಟ್ಟಿಗೆ ಎಲ್ಲ ಬಡಿತ ಹೇಗೆ ಸಿಗಬೇಕು? ಮಾತಾಡಲಾಗದಷ್ಟು ಏದುಸಿರು ಬಿಡುತ್ತಿದ್ದರೂ ಗಡಿಯಾರ ಎಂಬತ್ತನ್ನೇ ತೋರಿಸುತ್ತಿತ್ತು. ಅದನ್ನೇ ಎಲ್ಲರಿಗೂ ಹಿಡಿದು ತೋರಿಸಿ ಮೆರೆಯುತ್ತಿದ್ದ. ಲೆಕ್ಕ ತಪ್ಪಿದೆಯೆಂದು ನನಗೆ ಅವತ್ತೇ ಗೊತ್ತಾಯಿತು. ಮೂರು ವಾರ ಬಾಯಿ ಬಿಡಲಿಲ್ಲ.

ಓಟದ ದಿನ ಕೊನೆಯ ಪಾಳಿ ಶುರುವಾಗುವ ಜಾಗದಲ್ಲಿ, ಓಟದ ಹಿಂದೆ ಬರುವ ಜೀಪಿನ ಬಳಿ, ಎಲ್ಲರೂ ಸೇರಿದ್ದರು. ಆತ ಸ್ವಲ್ಪ ಓಡಾಡಿ ಬಂದು ಎಂಬತ್ತೆರಡು ಎಂದು ಗಡಿಯಾರ ತೋರಿಸಿದ. ಕೈ ಕೊಡಿರಿ ಅಂದೆ. ನಗುತ್ತಲೇ ಕೊಟ್ಟ. ನಮ್ಮ ಬಳಗದ, ವಾಡಿಯ ರೈಲ್ವೆ ನೌಕರನೊಬ್ಬನಿಗೆ ಹದಿನೈದು ಸೆಕೆಂಡು ನೋಡಲು ಹೇಳಿ ನಾಡಿ ಎಣಿಸಿದೆ. ನಲವತ್ತೊಂದು. ನಾಲ್ಕರಿಂದ ಗುಣಿಸಿ ಗಟ್ಟಿಯಾಗಿ ಹೇಳಿದೆ: ನೂರಾ ಅರವತ್ತನಾಲ್ಕು.

ಆತನ ನಗು ಹೋಯಿತು. “ಇನ್ನೊಮ್ಮಿ ಎಣಸ್ರಿ,” ಎಂದ, ನನಗಷ್ಟೇ ಕೇಳುವಂತೆ.

ಎಣಿಸಿದೆ. ಅಷ್ಟೇ ಬಂತು. ಈ ಸಲ ಇನ್ನೂ ಗಟ್ಟಿಯಾಗಿ ಹೇಳಿದೆ.

“ಸರ್, ನಿಮ್ಮ ನಿಯಮ ನಿಮಗೂ ಅದ. ಜೀಪಿನ್ಯಾಗ ಕುಂದ್ರಿ.”

ಯಾರೂ ನಗಲಿಲ್ಲ. ಅದೊಂದೇ ನನಗೆ ಕಡಿಮೆ ಬಿದ್ದದ್ದು. ಕೊನೆಯ ಪಾಳಿ ನಾನೇ ಓಡಿದೆ. ಆತ ಕೂತ ಜೀಪು ಚಂದಾಪುರದವರೆಗೆ ನನ್ನ ಬೆನ್ನ ಹಿಂದೆಯೇ ಬಂತು. ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ. ಅಷ್ಟು ಸುಖವಾಗಿ ನಾನು ಎಂದೂ ಓಡಿಲ್ಲ.

ಆಮೇಲೆ ತಪಾಸಣೆ ಮಾಡಿಸಿಕೊಂಡ, ಕಲಬುರಗಿಯಲ್ಲಿ ಆತನಿಗೆ ಹೃದಯದ ಆಪರೇಶನ್ ಆಯಿತು. ಗುಣವಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ನೀವು ಅವತ್ತು ಕೈ ಹಿಡಿಯದಿದ್ದರೆ ನಾನು ರಸ್ತೆಯಲ್ಲೇ ಬೀಳುತ್ತಿದ್ದೆ ಎಂದು ಕೈಮುಗಿದ. ಆಕೆ ಕಣ್ಣೊರೆಸಿಕೊಂಡಳು. ನಾನು ಚಹಾ ಕೊಟ್ಟೆ. ಮೂರು ವಾರದ ಮೊದಲೇ ನನಗೆ ಗೊತ್ತಿತ್ತೆಂದು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.