ಆ ಪ್ಯಾರಾದ ‘ನಾನು’

ಮೈಮೇಲೆ ಬರುವುದು, ಯಾರೋ ಕೈ ಹಿಡಿದು ಬರೆಸುವುದು, ಇಂಥ ಕತೆಗಳನ್ನು ಯಾರಾದರೂ ತೆಗೆದರೆ ಮೊದಲೆಲ್ಲ ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಸುಮ್ಮನೆ ಕೇಳುತ್ತೇನೆ. ನಂಬಿಕೆ ಹುಟ್ಟಿದೆ ಎಂದಲ್ಲ, ವಾದ ಮಾಡುವ ಧೈರ್ಯ ಉಳಿದಿಲ್ಲ. ಕಂಡವರೆಲ್ಲ ಬ್ಲಾಗ್ ಬರೆಯುತ್ತಿದ್ದ ಆ ವರ್ಷಗಳಲ್ಲಿ ನನಗಾದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನಾನು ಧಾರವಾಡದವಳು. ಆಗ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಆಫೀಸಿನ ಏಳೆಂಟು ಮಂದಿ ಅಲ್ಲಿನ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ ತಿರುವನಂತಪುರದವರೆಗೆ ಸೈಕಲ್ ತುಳಿಯುವುದೆಂದು ಹೊರಟೆವು. ದಾರಿ ಮೂರು ದಿನದ್ದು. ಗುಂಪಿನ ನಾಯಕ ನನ್ನ ಟೀಮ್ ಲೀಡ್ ಬಿನೋಯ್. ಎದುರಿಗೆ ಚೇಟ್ಟ, ಅಂದರೆ ಅಣ್ಣ ಎಂದು ಕರೆಯುತ್ತಿದ್ದೆ, ಇಲ್ಲಿ ಆ ಮರ್ಯಾದೆ ಬೇಡ. ದಾರಿಯಲ್ಲಿ ಯಾವುದಾದರೂ ಗಾಡಿ ಹತ್ತಿದವರು ಲೆಕ್ಕಕ್ಕಿಲ್ಲ ಎಂಬುದು ಅವನೇ ಮಾಡಿದ ನಿಯಮ. ಹೆಂಗಸರು ಈ ದಾರಿ ಮುಗಿಸುವುದಿಲ್ಲ ಎಂಬುದೂ ಅವನದೇ ಮಾತು.

ಸಂಜೆ ತಂಗಿದ ಊರಲ್ಲಿ ನೆಟ್ ಕೆಫೆ ಹುಡುಕಿ ನಾನು ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೆ. ಗುಂಪಿನಲ್ಲಿ ಕನ್ನಡ ಓದಬಲ್ಲವನು ಕಾಸರಗೋಡಿನ ಉದಯ ಒಬ್ಬನೇ. ಅವನಿಗೋ ಬ್ಲಾಗ್ ಓದುವ ಅಭ್ಯಾಸವಿರಲಿಲ್ಲ. ಹಾಗಾಗಿ ಯಾರ ಗೊರಕೆ ಹೇಗೆ, ಏರು ಕಂಡ ಕೂಡಲೇ ಚೈನ್ ನೋಡುವ ನೆಪದಲ್ಲಿ ಇಳಿಯುವವರು ಯಾರು, ಎಲ್ಲವನ್ನೂ ಮುಲಾಜಿಲ್ಲದೆ ಬರೆದೆ.

ಎರಡನೇ ದಿನ ಆಲಪ್ಪುಳದಿಂದ ಕೊಲ್ಲಂಗೆ. ಬಿಸಿಲಿಗೆ ಎಲ್ಲರೂ ಚದುರಿಹೋದೆವು. ಕೊಲ್ಲಂ ಮುಟ್ಟಿದವರಲ್ಲಿ ನಾನೇ ಕೊನೆಯವಳು, ಆದರೆ ತುಳಿದೇ ಮುಟ್ಟಿದೆ. ಲಾಡ್ಜಿನ ಬಾಗಿಲಲ್ಲಿ ಬಿನೋಯ್, ಇವಳು ಸೈಕಲ್ಲನ್ನು ಆಟೋಗೆ ಹಾಕಿಕೊಂಡು ಬರುತ್ತಿದ್ದುದನ್ನು ಕಣ್ಣಾರೆ ಕಂಡೆ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಎಲ್ಲರಿಗಿಂತ ಮುಂದೆ ಬಂದವನು ಎಲ್ಲರಿಗಿಂತ ಹಿಂದಿದ್ದವಳನ್ನು ಹೇಗೆ ಕಂಡ ಎಂದು ಒಬ್ಬರೂ ಕೇಳಲಿಲ್ಲ.

“ಖರೇನ ಹೇಳ್ತೀನಿ ಉದಯ, ನಾ ಯಾವ ಆಟೋನೂ ಹತ್ತಿಲ್ಲ” ಎಂದೆ. ಅವನು ಬೇರೆ ಕಡೆ ನೋಡಿದ.

ಮೈಯೆಲ್ಲ ಉರಿಯಿತು. ಇವನ ಮಾನ ಹರಾಜು ಹಾಕದಿದ್ದರೆ ನಾನು ನಾನೇ ಅಲ್ಲ ಎಂದುಕೊಂಡು ನೇರ ಕೆಫೆಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಕೀಲಿಗಳು ಬೆರಳಿಗೆ ರೂಢಿಯಿದ್ದವು, ಕಣ್ಣಿಗೆ ಕಾಣದಿದ್ದರೂ ಬರೆದೆ. ಅವನು ಸುಳ್ಳ, ಹೊಟ್ಟೆಕಿಚ್ಚಿನವನು ಎಂದು ಜನ್ಮ ಜಾಲಾಡಿದೆ. ಬರೆದದ್ದು ಅಷ್ಟೇ. ನನಗೆ ಚೆನ್ನಾಗಿ ನೆನಪಿದೆ.

ಮರುದಿನ ಯಾರ ಲೆಕ್ಕಕ್ಕೂ ಇಲ್ಲದವಳಾಗಿ ತಿರುವನಂತಪುರದವರೆಗೂ ತುಳಿದೆ. ಮಧ್ಯಾಹ್ನ ಅಲ್ಲಿನ ತಂಪಾನೂರಿನ ಒಂದು ಕೆಫೆಯಲ್ಲಿ ಎಲ್ಲರೂ ಫೋಟೋ ನೋಡಲು ಮುತ್ತಿಕೊಂಡೆವು. ಉದಯ ಅಂದು ಯಾಕೋ ನನ್ನ ಬ್ಲಾಗ್ ತೆರೆದ. ಸ್ವಲ್ಪ ಓದಿ ನನ್ನತ್ತ ತಿರುಗಿದ.

“ಲಾರಿ ಹತ್ತಿದೆ ಅಂತ ನೀವೇ ಬರ್ದಿದ್ದೀರಲ್ಲ ಮಾರಾಯ್ರೆ. ಮತ್ತೆ ನಿನ್ನೆ ಜಗಳ ಮಾಡಿದ್ದು ಯಾಕೆ?”

ಬಗ್ಗಿ ನೋಡಿದೆ. ನಾನು ಬರೆದ ಬೈಗುಳದ ನಡುವೆ, ನಾನು ಬರೆಯದ ಒಂದು ಪ್ಯಾರಾ ಇತ್ತು. ಮಾತಿನ ಧಾಟಿ ನನ್ನದೇ. ಲಾರಿ ಎಂಬ ಶಬ್ದ ಬಿನೋಯ್ ಕಿವಿಗೂ ಬಿದ್ದಿತ್ತು. ಗೆದ್ದವನ ನಗೆ ನಕ್ಕು, ಗಟ್ಟಿಯಾಗಿ ಓದು ಎಂದು ಉದಯನಿಗೆ ಅವನೇ ಹೇಳಿದ. ಉದಯ ಒಂದೊಂದೇ ಸಾಲನ್ನು ಮಲಯಾಳಂಗೆ ತಿರುಗಿಸಿ ಓದತೊಡಗಿದ.

“ಬಿಸಿಲು ತಡೆಯಲಾಗದೆ ಹರಿಪ್ಪಾಡಿನ ಆಚೆ ಒಣಮೀನಿನ ಲಾರಿಗೆ ಕೈ ಮಾಡಿದೆ. ಸೈಕಲ್ ಹಿಂದೆ ಹಾಕಿ ನಾನೂ ಟಾರ್ಪಾಲಿನ ಕೆಳಗೆ ಮಲಗಿದೆ. ಕೊಲ್ಲಂ ಬರುವ ಮೊದಲೇ ಇಳಿದೆ. ಇಳಿಯುವಾಗ ತಗಡು ತಾಗಿ ಎಡಗಾಲಿನ ಮೀನಖಂಡ ಸೀಳಿತು. ಯಾರಿಗೂ ಹೇಳಲಿಲ್ಲ.”

ಎಲ್ಲರೂ ನನ್ನ ಕಾಲು ನೋಡಿದರು. ನಾನು ಮೊಣಕಾಲುದ್ದದ ಚಡ್ಡಿಯಲ್ಲಿದ್ದೆ. ಕಾಲ ಮೇಲೆ ಧೂಳು ಬಿಟ್ಟರೆ ಒಂದು ಗೀರೂ ಇರಲಿಲ್ಲ. ಆಮೇಲೆ ನೋಡಿದರೆ ಬಿನೋಯ್ ಮುಖದಲ್ಲಿ ನಗುವಿಲ್ಲ. ಆ ಸೆಕೆಯಲ್ಲಿ ಉದ್ದ ಪ್ಯಾಂಟು ಹಾಕಿದ್ದವನು ಅವನೊಬ್ಬನೇ. ಪ್ಯಾಂಟು ಮೇಲೆತ್ತು ಎಂದೆ. ಅವನು ಎತ್ತಲಿಲ್ಲ. ಉದಯನೇ ಬಗ್ಗಿ ಎತ್ತಿದ. ಎಡ ಮೀನಖಂಡಕ್ಕೆ ಕರ್ಚೀಫು ಬಿಗಿದಿತ್ತು, ರಕ್ತ ಒಣಗಿ ಬಟ್ಟೆ ಕಪ್ಪಾಗಿತ್ತು.

ನನ್ನ ಹೊಟ್ಟೆ ತಣ್ಣಗಾಯಿತು. ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ನನ್ನ ಹೆಸರು ಲೆಕ್ಕಕ್ಕೆ ಬಂತು, ಅವನದು ಹೋಯಿತು.

ಆ ಪ್ಯಾರಾ ಹೇಗೆ ಬಂತು ಎಂದು ಕೇಳಬೇಡಿ. ಪಾಸ್‌ವರ್ಡ್ ನನ್ನೊಬ್ಬಳಿಗೇ ಗೊತ್ತಿತ್ತು. ಸಿಟ್ಟಿನಲ್ಲಿ ಬೆರಳು ತಾನೇ ಬರೆಯಿತು ಎನ್ನೋಣವೆಂದರೆ ಆ ಗಾಯದ ಸುದ್ದಿ ಬೆರಳಿಗೆ ಹೇಗೆ ತಿಳಿಯಬೇಕು? ಬಿನೋಯ್ ಅದೆಷ್ಟೋ ತಿಂಗಳು ನನ್ನ ಹಿಂದೆ ಬಿದ್ದ. ಡ್ರೈವರ್ ಹೇಳಿದನೇ, ಯಾರಾದರೂ ಕಂಡರೇ, ಯಾರೆಂದು ಒಂದು ಮಾತು ಹೇಳು, ನಿದ್ದೆ ಬರುತ್ತಿಲ್ಲ ಎಂದು ಅಂಗಲಾಚಿದ. ನನಗೂ ಗೊತ್ತಿಲ್ಲ ಎಂದು ನಾನು ಅವನಿಗೆ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.