ಉಗುರಿನ ಸಂದಿಯ ಮಸಿ

ನಮ್ಮ ಸರ್ ಬಲಗೈ ಉಗುರಿನ ಸಂದಿಯಲ್ಲಿ ಸದಾ ಕಪ್ಪು ಮಸಿ ಕೂತಿರುತ್ತಿತ್ತು. ಪಾಠ ಮಾಡುವಾಗ ಬೆರಳಿಗೆಲ್ಲ ಸೀಮೆಸುಣ್ಣ ಹತ್ತಿ ಬೆಳ್ಳಗಾದರೂ ಉಗುರು ಮಾತ್ರ ಕರ್ರಗೇ ಉಳಿಯುತ್ತಿತ್ತು. ಅವರು ಹಂಸಭಾವಿಯಿಂದ ಬಸ್ಸಿನಲ್ಲಿ ಬಂದು ಹಿರೇಕೆರೂರಿನ ನಮ್ಮ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದರು. ಊರಲ್ಲಿ ಮೋಟರ್‌ಸೈಕಲ್ ಗ್ಯಾರೇಜು ಇಟ್ಟಿರಬೇಕು ಎಂದು ನಾವು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ನಗುತ್ತಿದ್ದೆವು. ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಅದು ತೀರ ನಗುವ ಮಾತೂ ಅಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯುತ್ತಲೇ ಅವರ ತಲೆ ಹಣ್ಣಾಗಿತ್ತು.

ಈಗ ನಾನೂ ಅದೇ ಪಂಕ್ತಿಯಲ್ಲಿ ಕೂತಿದ್ದೇನೆ. ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅವರನ್ನು ನೋಡಿಯೇ ಇಲ್ಲೊಂದು ಇತಿಹಾಸ ಸಂಘ ಕಟ್ಟಿದೆ. ಸಾಕಾಗಿ ಹೋಗಿದೆ. ಸಂಘಕ್ಕೆ ಅಂಕ ಇಲ್ಲ ಎಂದ ಕೂಡಲೇ ಅರ್ಧ ಮಕ್ಕಳು ಎದ್ದು ಹೋಗುತ್ತಾರೆ, ಉಳಿದ ಅರ್ಧಕ್ಕೆ ಬಸ್ಸಿನ ಅವಸರ. ಕಳೆದ ತಿಂಗಳು, ಬರುವ ಸೋಮವಾರ ಹೋದವಳೇ ಸಂಘ ಮುಚ್ಚುತ್ತೇನೆಂದು ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಅದಕ್ಕೆ ಎರಡು ದಿನ ಮೊದಲು ಸರ್ ತೀರಿಕೊಂಡ ಸುದ್ದಿ ಬಂತು.

ಅವರ ಉಗುರಿನ ಆ ಮಸಿ ಗ್ಯಾರೇಜಿನದಲ್ಲ, ಕಲ್ಲಿನ ಶಾಸನದ್ದು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ತಗ್ಗಿಗೆ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಅರೆಬರೆ ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಬೇಕು. ಕಾಗದ ಕರ್ರಗಾಗಿ ಅಕ್ಷರ ಬೆಳ್ಳಗೆ ಮೂಡುತ್ತವೆ. ಅದಕ್ಕೆ ಪಡಿಯಚ್ಚು ಎನ್ನುತ್ತಾರೆ. ಭಾನುವಾರ ಬಂತೆಂದರೆ ಸರ್ ಚೀಲಕ್ಕೆ ಬ್ರಷ್ಷು, ಕಾಗದ, ರೊಟ್ಟಿ ಗಂಟು ಹಾಕಿಕೊಂಡು ಹೊರಡುತ್ತಿದ್ದರು. ಅವರ ಹಿಂದೆ ಅವರೇ ಕಟ್ಟಿದ್ದ ಇತಿಹಾಸ ಸಂಘದ ನಾಲ್ಕು ಮಂದಿ ನಾವು. ಅವರಿಗೇನು ದಣಿವಿರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಎಬ್ಬಿಸಿದರೆ, "ದಣಿವು ಇದ್ದದ್ದ ಬಿಡ್ರಿ, ಇಳೀರಿ," ಎನ್ನುತ್ತಿದ್ದರು.

ಒಂದು ಭಾನುವಾರ ಅಬಲೂರಿನ ಆಚೆಯ ಒಂದು ಹಳ್ಳಿಗೆ ಹೋದೆವು. ಕೆರೆಯ ಏರಿಯ ಮೇಲೆ ಒಂದು ಕಲ್ಲು, ಎಷ್ಟೋ ವರ್ಷಗಳ ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಎಣ್ಣೆಯ ಅಡಿಯಲ್ಲಿ ಅಕ್ಷರ ಕಂಡವು. ಸರ್‌ಗೆ ಹಸಿದವರ ಮುಂದೆ ಎಲೆ ಹಾಕಿದಂತಾಯಿತು. ಯಾರನ್ನೂ ಕೇಳದೆ ಸೀಗೆಪುಡಿ ಹಾಕಿ ತಿಕ್ಕಲು ಶುರು ಮಾಡಿದರು, ನಾವೂ ಕೈಹಚ್ಚಿದೆವು. ಎಣ್ಣೆ, ಕುಂಕುಮ ಎಲ್ಲ ಹೋಗಿ ಕಲ್ಲು ಬೋಳಾಗುವ ಹೊತ್ತಿಗೆ ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ಒಬ್ಬ ಮುದುಕಿ ಬಂದಳು. ಆಕೆ ಸೊಸೆಯಾಗಿ ಬಂದ ದಿನದಿಂದ ಪೂಜಿಸುತ್ತಿದ್ದ ದೇವರು ಅದು. ಬೈಯಲಿಲ್ಲ, ಕೂಗಲಿಲ್ಲ. ಏರಿಯ ಮೇಲೆ ಕುಸಿದು ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮಗೆ ನಿಂತ ನೆಲ ಬಿರಿಯಬಾರದೆ ಎನಿಸಿತು.

ಸರ್ ಹೋಗಿ ಆಕೆಯ ಎದುರು ನೆಲದ ಮೇಲೆ ಕೂತರು. "ತಪ್ಪಾತ್ರಿ ಅವ್ವಾ. ನಾ ಮೊದಲ ನಿಮ್ಮನ್ನ ಕೇಳಬೇಕಾಗಿತ್ತು. ಕಲ್ಲು ನಿಮ್ಮದು." ಕಾಲೇಜಿನ ಮಾಸ್ತರೊಬ್ಬರು ಕಲಿಯುವ ಮಕ್ಕಳ ಮುಂದೆ ಹೀಗೆ ತಪ್ಪೊಪ್ಪಿಕೊಂಡದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮುದುಕಿ ಗಿಂಡಿ ಕೆಳಗಿಟ್ಟು ಕೇಳಿದಳು. "ಏನ್ ಬರದೈತ್ರಿ ಅದರಾಗ?"

ಸರ್ ಹಳೆಗನ್ನಡದ ಲಿಪಿಯನ್ನು ನೀರು ಕುಡಿದಂತೆ ಓದಬಲ್ಲವರು. ಆದರೂ ನಮ್ಮ ಕಡೆ ಕೈ ತೋರಿಸಿ, "ಈ ಹುಡುಗೂರು ಓದಿ ಬಂದು ಹೇಳ್ತಾರ್ರಿ," ಎಂದರು. ನಮಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆಕೆ ಒಪ್ಪಿದಳು. ಪಡಿಯಚ್ಚು ತೆಗೆದ ಮೇಲೆ ಸರ್ ಕಲ್ಲನ್ನು ಒರೆಸಿ, ಆಕೆಯ ಗಿಂಡಿಯಿಂದ ತಾವೇ ಎಣ್ಣೆ ಸುರಿದು, ಎರಡು ಕಣಗಿಲ ಹೂ ಏರಿಸಿ ಕೈಮುಗಿದರು. ಅಂದಿನಿಂದ ಅದೇ ಸಂಘದ ನಿಯಮವಾಯಿತು. ಮೊದಲು ಕಲ್ಲನ್ನು ಪೂಜಿಸುವ ಮನೆಯವರನ್ನು ಕೇಳುವುದು, ಮುಗಿದ ಮೇಲೆ ಇದ್ದ ಹಾಗೆ ಪೂಜೆ ಮಾಡಿ ಬರುವುದು.

ಮುಂದೆ ಇಡೀ ಚಳಿಗಾಲ ನಮಗೆ ಆ ಕಾಗದವೇ ಗತಿ. ಗ್ರಂಥಾಲಯದಲ್ಲಿ ಧೂಳು ತಿನ್ನುತ್ತಿದ್ದ ಲಿಪಿಯ ಪುಸ್ತಕ ಹುಡುಕಿ, ಊಟದ ಬಿಡುವಿನಲ್ಲಿ ಒಂದೊಂದೇ ಅಕ್ಷರ ಹೊಂದಿಸುತ್ತಿದ್ದೆವು. ಸರ್ ಪಕ್ಕದಲ್ಲೇ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಸಿಟ್ಟು ಬಂದು, ನೀವು ಹೇಳಿದರೆ ಒಂದು ನಿಮಿಷದ ಕೆಲಸ ಅಲ್ಲವೇ ಎಂದು ಕೇಳಿಯೇಬಿಟ್ಟೆ.

"ನಾ ಹೇಳಿದ್ರ ನನಗ ಬಂದಂಗಾತು, ತಂಗಿ. ನಿನಗೇನ್ ಬಂತು?" ಎಂದರು. ರೊಟ್ಟಿಯ ಗಂಟು ಕಟ್ಟುತ್ತ, "ನಾ ಮುಂದಿನ ವರ್ಷ ಇಲ್ಲಿ ಇರ್ತೇನೋ ಇಲ್ಲೋ. ನನ್ನ ನೆಚ್ಚಿಕೊಂಡ ಕಲಿಬ್ಯಾಡ್ರಿ," ಎಂದರು.

ಶಿವರಾತ್ರಿ ಕಳೆದ ಮೇಲೆ ನಾವು ಹೋಗಿ ಮುದುಕಿಗೆ ಓದಿ ಹೇಳಿದೆವು. ಯಾರೋ ಒಬ್ಬರು ಆ ಕೆರೆ ಕಟ್ಟಿಸಿ, ಅದನ್ನು ನೋಡಿಕೊಳ್ಳುವವರಿಗೆ ಹೊಲ ಬಿಟ್ಟಿದ್ದರು. ಕಟ್ಟಿಸಿದವರ ಹೆಸರಿನ ಜಾಗದಲ್ಲಿ ಮಾತ್ರ ಕಲ್ಲು ಚಕ್ಕೆ ಎದ್ದಿತ್ತು. ಹೆಸರು ಸಿಗಲಿಲ್ಲ ಎಂದಾಗ ನನ್ನ ದನಿ ಸಣ್ಣಗಾಯಿತು.

ಮುದುಕಿ ಕೆರೆಯ ಕಡೆ ನೋಡಿದಳು. "ಹೆಸರು ಹೋದ್ರ ಹೋಗಲಿ ಬಿಡವ್ವಾ. ನೀರು ನಿಂತೈತಲ್ಲ," ಎಂದಳು. ಸರ್ ದೂರದಲ್ಲಿ ಬೇವಿನ ಮರದ ಕೆಳಗೆ ಕೂತು ನಿದ್ದೆ ಹೋಗಿದ್ದರು.

ಆ ಜೂನ್‌ನಲ್ಲಿ ಅವರಿಗೆ ನಮ್ಮ ಕಾಲೇಜು ಸಿಗಲಿಲ್ಲ. ಹಾನಗಲ್ಲಿನ ಕಡೆ ಹಾಕಿದರು, ಮತ್ತೊಂದು ವರ್ಷ ಎಲ್ಲಿಯೂ ಇಲ್ಲ. ನಾವು ಕೊನೆಯ ವರ್ಷದವರು ಅವರಿಲ್ಲದೆಯೇ ಪ್ರತಿ ಭಾನುವಾರ ಶಾಸನ ಹುಡುಕಿ ಹೋದೆವು. ನನಗೆ ಇಂದು ಅನ್ನ ಹಾಕುತ್ತಿರುವ ವಿದ್ಯೆ ಆ ವರ್ಷ ಬಂದದ್ದು. ಹಿರೇಕೆರೂರಿನ ಕಾಲೇಜಿನ ಗೋಡೆಯ ಫಲಕದಲ್ಲಿ ಕಾಯಂ ಆಗಿದ್ದವರ ಹೆಸರುಗಳಿವೆ. ಅತಿಥಿಗಳನ್ನು ಅಲ್ಲಿ ಬರೆಯುವ ರೂಢಿಯಿಲ್ಲ.

ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಹಂಸಭಾವಿಗೆ ಹೋದೆ. ನಮ್ಮ ಕಡೆಯ ಪದ್ಧತಿಯಂತೆ ಅವರನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು, ತೊಡೆಯ ಮೇಲೆ ಬಲಗೈ. ಮೈ ತೊಳೆದವರಿಗೆ ಉಗುರಿನ ಸಂದಿಯ ಕಪ್ಪು ಸರಿ ಕಂಡಿರಲಿಲ್ಲವೆಂದು ತೋರುತ್ತದೆ. ಸಂಬಂಧಿಕರೊಬ್ಬರು ಎಣ್ಣೆ ಹಚ್ಚಿದ ಅರಿವೆಯಿಂದ ಒಂದೇ ಸಮನೆ ತಿಕ್ಕುತ್ತಿದ್ದರು. ಸರ್ ಹೆಂಡತಿ ಗೋಡೆಗೆ ಒರಗಿ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು.

"ಬಿಡ್ರಿ, ಅದು ಹೋಗಂಗಿಲ್ಲ. ನಾನೂ ತಿಕ್ಕಿ ತಿಕ್ಕಿ ಸಾಕಾಗಿ ಬಿಟ್ಟೇನಿ."

ನಾನು ಅಲ್ಲಿಯವರೆಗೆ ತಡೆದುಕೊಂಡಿದ್ದೆ, ಆಗ ಅತ್ತುಬಿಟ್ಟೆ.

ಸೋಮವಾರ ಶಿಗ್ಗಾವಿಗೆ ಹೋದೆ. ಸಂಜೆಯ ಹೊತ್ತಿಗೆ ಸಂಘಕ್ಕೆ ಬಂದವರು ಇಬ್ಬರೇ, ಸವಣೂರಿನ ಒಬ್ಬಳು, ಹತ್ತಿಮತ್ತೂರಿನ ಒಬ್ಬಳು. ಪಡಿಯಚ್ಚಿನ ಮೇಲೆ ಬೆರಳಿಟ್ಟು ಇದು ಯಾವ ಅಕ್ಷರ ಎಂದು ಕೇಳಿದರು. ಸಂಘ ಮುಚ್ಚುವ ಮಾತು ನಾಲಿಗೆಯ ತುದಿಯಲ್ಲಿತ್ತು, ಆ ಅಕ್ಷರವೂ ಇತ್ತು. ಎರಡನ್ನೂ ಹೇಳಲಿಲ್ಲ. ಲಿಪಿಯ ಪುಸ್ತಕ ಅವರ ಕಡೆ ತಳ್ಳಿ, ಬಸ್ಸಿಗೆ ಇನ್ನೂ ಹೊತ್ತಿದೆ, ನೀವೇ ಹುಡುಕಿ ಎಂದು ಮೇಜಿಗೆ ತಲೆಯಾನಿಸಿ ಕಣ್ಣು ಮುಚ್ಚಿದೆ.