ಒಂದೂರಿಗೆ ಒಂದೇ ಗೆರೆ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ವಡಾಲದ ನಮ್ಮ ಮನೆಗೆ ನಮ್ಮದಲ್ಲದ ಕಾಗದಗಳೇ ಹೆಚ್ಚು ಬರುತ್ತಿದ್ದವು. ಎದುರಿನ ಬಿಲ್ಡಿಂಗ್ ಕಟ್ಟಲು ಬಂದಿದ್ದ ಬಾದಾಮಿ ಕಡೆಯ ಹೆಂಗಸರಿಗೆ ನಾನು ಕಾಗದ ಬರೆದುಕೊಡುತ್ತಿದ್ದೆ. ಕೆಲಸ ಮುಗಿದಂತೆ ಗುಡಿಸಲು ಕಿತ್ತು ಬೇರೆ ಕಡೆ ಹೋಗುವ ಅವರಿಗೆ ಖಾಯಂ ವಿಳಾಸವೆಲ್ಲಿ? ಉತ್ತರ ನಮ್ಮ ಮನೆಗೇ ಬರಲಿ ಅಂದಿದ್ದೆ.

ಬಂದ ಕಾಗದ ತಲುಪಿಸಲು ಒಂದು ನೋಟ್‌ಬುಕ್ ಇಟ್ಟೆ. ಎಡಕ್ಕೆ ಊರು, ಬಲಕ್ಕೆ ಆ ಊರಿನವರು ಈಗಿರುವ ಜಾಗ. ಯಾರಾದರೂ ಹೊಸ ಜಾಗ ಹೇಳಿದರೆ ಹಳೆಯದನ್ನು ರಬ್ಬರಿನಿಂದ ಅಳಿಸಿ ಅಲ್ಲೇ ಬರೆಯುತ್ತಿದ್ದೆ. ಪುಟದಲ್ಲಿ ಚಿತ್ತುಕಾಟು ಇರಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ.

ಒಂದು ಗುರುವಾರ ಕಾರ್ಡು ಬಂತು. ಗಾರೆ ಹೊರುತ್ತಿದ್ದ ಒಬ್ಬಳ ಮಗಳಿಗೆ ತಾಲೂಕಿನ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ, ಸೋಮವಾರದೊಳಗೆ ತಾಯಿ ಬಂದು ಹೆಬ್ಬೆಟ್ಟು ಒತ್ತದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ಊರಿನ ಮೇಷ್ಟ್ರು ಬರೆದಿದ್ದರು. ಅದಕ್ಕೆ ಅರ್ಜಿ ಬರೆದವಳು ನಾನೇ. ನೋಟ್‌ಬುಕ್ಕಿನಲ್ಲಿ ಅವಳೂರಿನ ಎದುರು ಬೊರಿವಲಿ ಎಂದಿತ್ತು.

"ಬೊರಿವಲಿ ಅಂದ್ರೆ ಇಲ್ಲೇ ಉಂಟಾ ಮಾರಾಯ್ತಿ? ಪೋಸ್ಟಿಗೆ ಹಾಕು," ಅಂದರು ನಮ್ಮವರು.

"ಯಾವ ಗುಡಿಸಲಿಗೆ ಅಂತ ಹಾಕುವುದು? ನಾನೇ ಹೋಗ್ತೇನೆ."

ಮರುದಿನ ಬೆಳಿಗ್ಗೆಯೇ ಲೋಕಲ್ ರೈಲು ಹತ್ತಿದೆ. ಬೊರಿವಲಿಯ ಗುಡಿಸಲುಗಳ ಮುಂದೆ ರೊಟ್ಟಿ ಮುರಿಯುತ್ತಿದ್ದ ಮುದುಕಿ, ಅವಳು ಇಲ್ಲಿಲ್ಲ ಎಂದು ತಲೆಯಾಡಿಸಿದಳು. "ಊರು ಒಂದ ಖರೆ ಬಾಯಾರ, ಕೆಲಸದ ಟೋಳಿ ಬ್ಯಾರೆ. ನಮ್ಮನ್ನ ಕರಕೊಂಡು ಬಂದ ಮುಕಾದಮನ ಬ್ಯಾರೆ."

"ಅವಳೆಲ್ಲಿದ್ದಾಳೆ ಹಾಗಾದರೆ?"

"ನಮಗೇನ್ ಗೊತ್ರೀ? ನಿಮಗ ಹೇಳೇ ಹೋಗ್ಯಾಳಲ್ಲ!"

ಹೌದು. ಅವಳು ಹೇಳಿದ್ದಳು, ನಾನು ಬರೆದೂ ಇದ್ದೆ. ಆಮೇಲೆ ಈ ಟೋಳಿಯವರು ಬಂದು ಬೊರಿವಲಿ ಅಂದಾಗ, ಒಂದೂರಿನವರೆಲ್ಲ ಒಂದೇ ಕಡೆ ಇರುತ್ತಾರೆಂದು ಅವಳ ಜಾಗ ಅಳಿಸಿದ್ದೆ.

ಬರಿಗೈಯಲ್ಲಿ ಮನೆಗೆ ಹೋಗುವುದಿಲ್ಲ ಎಂದುಕೊಂಡು ಸ್ಟೇಷನ್ನಿನ ಬೆಂಚಿನ ಮೇಲೆ ನೋಟ್‌ಬುಕ್ ತೆರೆದೆ. ಪುಟವನ್ನು ಬಿಸಿಲಿಗೆ ಓರೆ ಹಿಡಿದರೆ, ಬೊರಿವಲಿಯ ಅಡಿಯಲ್ಲಿ ಪೆನ್ಸಿಲ್ ಒತ್ತಿದ ಗುರುತು ಸಣ್ಣಗೆ ಕಂಡಿತು: ದಹಿಸರ್, ನದಿಯ ಹತ್ತಿರ. ಸದ್ಯ, ನನ್ನ ಕೈ ಭಾರ! ದಹಿಸರ್ ಮುಂದಿನ ಸ್ಟೇಷನ್ನೇ.

ನದಿ ದಂಡೆಯಲ್ಲಿ ಎರಡು ಕಟ್ಟಡ ದಾಟಿ, ಮೂರನೆಯದರಲ್ಲಿ ಸಿಕ್ಕಳು. ತಲೆಯ ಮೇಲಿನ ಬುಟ್ಟಿ ಇಳಿಸದೆಯೇ ಕಾರ್ಡು ಓದಿಸಿಕೊಂಡಳು, ಆಮೇಲೆ ಇನ್ನೊಮ್ಮೆ ಓದಿ ಅಂದಳು. ನಾನು ಮಾಡಿದ ತಪ್ಪು ಹೇಳಿಕೊಂಡೆ.

"ಅಲ್ರೀ ಅಕ್ಕಾರ, ಹೊಸಾ ಮನಿ ಕಟ್ಟಾಕ ಬಾಜೂ ಮಂದಿ ಮನಿ ಕೆಡವ್ತಾರೇನು? ಹಾಳ್ಯಾಗ ಕೆಳಗ ಜಾಗಾ ಇರಲಿಲ್ಲೇನು?" ಎಂದು ನಕ್ಕು, ಗಾರೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಕಾದಮನನ್ನು ಹುಡುಕಲು ಹೋದಳು. ಸಂಜೆಯ ಗಾಡಿಗೇ ಊರಿಗೆ ಹೊರಟಳು.

ಶನಿವಾರ ಹೊಸ ನೋಟ್‌ಬುಕ್ ತಂದೆ. ಊರಿಗೊಂದು ಪುಟ. ಮೇಲೆ ಊರಿನ ಹೆಸರು, ಕೆಳಗೆ ಟೋಳಿಗೊಂದು ಗೆರೆ. ಹೊಸಬರು ಬಂದರೆ ಕೊನೆಯ ಗೆರೆಯ ಕೆಳಗೆ. ರಬ್ಬರನ್ನು ಹೊಲಿಗೆ ಡಬ್ಬಿಯ ತಳಕ್ಕೆ ಹಾಕಿದೆ.

ಜೂನಿನಲ್ಲಿ ಅವಳೂರಿನ ಪುಟಕ್ಕೆ ಮೂರನೆಯ ಗೆರೆ ಬಂತು. ಹಾಸ್ಟೆಲಿನ ವಿಳಾಸ, ಕಾರ್ಡಿನ ಮೂಲೆಯಲ್ಲಿ ಹುಡುಗಿಯೇ ದುಂಡಗೆ ಬರೆದು ಕಳಿಸಿದ್ದಳು. ನಾನು ಪೆನ್ನಿನಲ್ಲೇ ಬರೆದುಕೊಂಡೆ.